ಸ್ಕೇಲ್ ಫ್ಯಾಕ್ಟರ್ ಕಲಿಯೋಣ: ಉದ್ದಕ್ಕೆ ಒಂದು ಲೆಕ್ಕ, ಜಾಗಕ್ಕೆ ಇನ್ನೊಂದು

ಫೋಟೋ ಸ್ಟುಡಿಯೋಗೆ ಹೋಗಿ 4×6 ಇಂಚಿನ ಫೋಟೋ ಕೊಟ್ಟು, ‘ಇದನ್ನೇ 5×7 ಮಾಡಿ ಕೊಡಿ’ ಎಂದರೆ ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಬದಿಯಲ್ಲಿ ನಿಂತ ಅಜ್ಜನ ಅರ್ಧ ಭುಜವೂ ಹೋಗಬಹುದು. ಅದೇ ಫೋಟೋವನ್ನು 8×12 ಮಾಡಿಸಿದರೆ ಏನೂ ಕತ್ತರಿಸಬೇಕಾಗಿಲ್ಲ. ಯಾಕೆ ಹೀಗೆ? ಇದಕ್ಕೆ ಉತ್ತರ ಹೇಳಲು ಬಂದರೆ ಸ್ಕೇಲ್ ಫ್ಯಾಕ್ಟರಿನ ಅರ್ಧ ಪಾಠ ಬಂದ ಹಾಗೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೂ, ಮನೆಯಲ್ಲಿ ಅವರ ಜೊತೆ ಕೂತು ಲೆಕ್ಕ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಇದನ್ನು ಬರೆಯುತ್ತಿದ್ದೇನೆ. ಹಲವು ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ ಒಂದು ವಿಷಯ ಖಚಿತ. ಈ ಪಾಠದಲ್ಲಿ ಮಕ್ಕಳು ಎಡವುವುದು ಗುಣಾಕಾರ ಬಾರದೆ ಅಲ್ಲ. ಯಾವುದನ್ನು ಅಳೆಯುತ್ತಿದ್ದೇವೆ ಎಂದು ಕೇಳಿಕೊಳ್ಳದೆ ಗುಣಿಸಲು ಹೊರಡುವುದರಿಂದ. ಅಳೆಯುತ್ತಿರುವುದು ಉದ್ದವೇ, ಹರವೇ, ಹಿಡಿಯುವ ಪ್ರಮಾಣವೇ? ಈ ಒಂದು ಪ್ರಶ್ನೆಯನ್ನು ಪ್ರತಿ ಲೆಕ್ಕದ ಮೊದಲು ಕೇಳಿಕೊಂಡರೆ ಉಳಿದದ್ದು ಸುಲಭ. ಪ್ಲಸ್ ವನ್‌ಗೆ ಹೋದ ಮೇಲೆ ‘ಸ್ಕೇಲ್ ಫ್ಯಾಕ್ಟರ್’ ಎಂದೇ ಕೇಳಿಸುತ್ತದೆ. ಆದ್ದರಿಂದ ಆ ಹೆಸರನ್ನೂ ಇಟ್ಟುಕೊಂಡಿದ್ದೇನೆ. ಚಿಕ್ಕದಾಗಿ ‘ಗುಣಕ’ ಎಂದೂ ಬರೆಯುತ್ತೇನೆ.

ಮೊದಲ ಹೆಜ್ಜೆ: ಗುಣಕ ಹುಡುಕುವುದು

ಹೊಸ ಚಿತ್ರದ ಒಂದು ಉದ್ದವನ್ನು ಹಳೆಯ ಚಿತ್ರದಲ್ಲಿ ಅದಕ್ಕೆ ಸರಿಯಾದ ಉದ್ದದಿಂದ ಭಾಗಿಸಿ. ಬಂದದ್ದೇ ಗುಣಕ.

ಗುಣಕ = ಹೊಸದು ÷ ಹಳೆಯದು

4×6 ಫೋಟೋ 8×12 ಆದಾಗ 8 ÷ 4 = 2, 12 ÷ 6 = 2. ಎರಡೂ ಕಡೆ 2 ಬಂತು. ಹಾಗಾಗಿ ಆಕಾರ ಕೆಡಲಿಲ್ಲ. 5×7 ಆದಾಗ 5 ÷ 4 = 1.25, ಆದರೆ 7 ÷ 6 = ಸುಮಾರು 1.17. ಎರಡು ಕಡೆ ಎರಡು ಗುಣಕ. 4 ಇಂಚನ್ನು 5 ಮಾಡಿದ ಗುಣಕದಲ್ಲೇ 6 ಇಂಚನ್ನೂ ಹಿಗ್ಗಿಸಿದರೆ 7.5 ಇಂಚು ಬೇಕು. ಕಾಗದ ಇರುವುದು 7 ಇಂಚು ಮಾತ್ರ. ಆ ಅರ್ಧ ಇಂಚಿನಲ್ಲೇ ಅಜ್ಜನ ಭುಜ ಹೋದದ್ದು.

ಎಲ್ಲ ಉದ್ದಗಳಿಗೂ ಒಂದೇ ಗುಣಕ ಇದ್ದು, ಕೋನಗಳೂ ಬದಲಾಗದಿದ್ದರೆ ಆ ಎರಡು ಆಕೃತಿಗಳು ಸಮರೂಪ. ಗುಣಕ 1ಕ್ಕಿಂತ ಜಾಸ್ತಿ ಇದ್ದರೆ ಚಿತ್ರ ದೊಡ್ಡದಾಗುತ್ತದೆ, ಕಡಿಮೆ ಇದ್ದರೆ ಚಿಕ್ಕದಾಗುತ್ತದೆ, ಸರಿಯಾಗಿ 1 ಇದ್ದರೆ ಇದ್ದ ಹಾಗೇ ಇರುತ್ತದೆ.

ಇಲ್ಲೊಂದು ತಪ್ಪು ತುಂಬ ಸಾಮಾನ್ಯ. 4×6 ಇದ್ದದ್ದನ್ನು ದೊಡ್ಡದು ಮಾಡು ಎಂದರೆ ಕೆಲವು ಮಕ್ಕಳು ಎರಡೂ ಕಡೆ 2 ಕೂಡಿಸಿ 6×8 ಎಂದು ಬರೆಯುತ್ತಾರೆ. ‘ಎರಡಕ್ಕೂ ಸಮ ಸಮ ಕೊಟ್ಟಿದ್ದೇನಲ್ಲ ಮಾಷ್ಟ್ರೇ’ ಎನ್ನುತ್ತಾರೆ. ಆ ವಾದಕ್ಕೂ ಒಂದು ನ್ಯಾಯ ಇದೆ, ಸುಮ್ನೆ ತಪ್ಪು ಎಂದು ಗೀಚಬೇಡಿ. ಹೀಗೆ ತೋರಿಸಿ: 1 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಒಂದು ಪಟ್ಟಿ ಬರೆಯಿರಿ. ಎರಡೂ ಕಡೆ 9 ಕೂಡಿಸಿ. 10×19 ಆಯಿತು. ಕಡ್ಡಿಯ ಹಾಗಿದ್ದದ್ದು ಹಲಗೆಯ ಹಾಗಾಯಿತು, ಅಲ್ವಾ? ಕೂಡಿಸಿದರೆ ಆಕಾರ ಬದಲಾಗುತ್ತದೆ, ಗುಣಿಸಿದರೆ ಮಾತ್ರ ಉಳಿಯುತ್ತದೆ ಎಂಬುದು ಮಗುವಿಗೆ ಕಣ್ಣಲ್ಲೇ ಗೊತ್ತಾಗಬೇಕು. ಈ ಒಂದು ವಿಷಯಕ್ಕೆ ಇಡೀ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಎರಡನೇ ಹೆಜ್ಜೆ: ಯಾವ ಬದಿಗೆ ಯಾವ ಬದಿ?

ಪುಸ್ತಕದಲ್ಲಿ ತ್ರಿಕೋನಗಳು ಯಾವಾಗಲೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದಿಲ್ಲ. ಒಂದು ತಿರುಗಿರುತ್ತದೆ, ಇನ್ನೊಂದು ಮಗುಚಿರುತ್ತದೆ. ಆಗ ಮೊದಲು ಮಾಡಬೇಕಾದದ್ದು ಜೋಡಿ ಕಟ್ಟುವುದು. ಬದಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಚಿಕ್ಕದಕ್ಕೆ ಚಿಕ್ಕದು, ನಡುವಿನದ್ದಕ್ಕೆ ನಡುವಿನದು, ದೊಡ್ಡದಕ್ಕೆ ದೊಡ್ಡದು. ಕೋನಗಳು ಕೊಟ್ಟಿದ್ದರೆ ಸಮ ಕೋನಗಳ ಎದುರಿನ ಬದಿಗಳನ್ನು ಜೋಡಿಸಿ.

ಒಂದು ಉದಾಹರಣೆ. ಮೊದಲ ತ್ರಿಕೋನದ ಬದಿಗಳು 8, 12, 18 ಸೆಂ.ಮೀ. ಎರಡನೆಯದ್ದು 18, 27, 12 ಸೆಂ.ಮೀ. ಇವು ಸಮರೂಪವೇ?

ಎರಡರಲ್ಲೂ 12 ಇದೆ, 18 ಇದೆ. ಅವನ್ನೇ ಜೋಡಿ ಮಾಡಿದರೆ ಗುಣಕ 1 ಬರುತ್ತದೆ. ಉಳಿದ 8 ಮತ್ತು 27 ಹೊಂದುವುದಿಲ್ಲ. ‘ಸಮರೂಪ ಅಲ್ಲ’ ಎಂದು ಬರೆದು ಮುಂದೆ ಹೋಗುವವರೇ ಜಾಸ್ತಿ. ಸಾಲಾಗಿ ಬರೆದು ನೋಡಿ: 8, 12, 18 ಮತ್ತು 12, 18, 27. ಈಗ 12 ÷ 8 = 1.5, 18 ÷ 12 = 1.5, 27 ÷ 18 = 1.5. ಸಮರೂಪವೇ! ಗುಣಕ 1.5. ಮೂರು ಕೋನಗಳೂ ಸಮ, ಎರಡು ಬದಿಗಳ ಉದ್ದವೂ ಸಮ, ಆದರೂ ಎರಡು ತ್ರಿಕೋನ ಒಂದೇ ಅಲ್ಲ. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಕಾಗದದಲ್ಲಿ ಕತ್ತರಿಸಿ ಮಕ್ಕಳ ಕೈಗೆ ಕೊಡಿ.

ಪರೀಕ್ಷೆಯಲ್ಲಿ ಕಾಡುವ ಇನ್ನೊಂದು ಚಿತ್ರ ತ್ರಿಕೋನದೊಳಗಿನ ತ್ರಿಕೋನ. ಎಬಿಸಿ ಎಂಬ ತ್ರಿಕೋನದಲ್ಲಿ ಬಿಸಿ ಬದಿಗೆ ಸಮಾಂತರವಾಗಿ ಡಿಇ ಎಂಬ ಗೆರೆ. ಡಿ ಇರುವುದು ಎಬಿ ಮೇಲೆ, ಇ ಇರುವುದು ಎಸಿ ಮೇಲೆ. ಎಡಿ ಮತ್ತು ಡಿಬಿ 2:3 ಪ್ರಮಾಣದಲ್ಲಿವೆ. ಬಿಸಿ 15 ಸೆಂ.ಮೀ. ಇದ್ದರೆ ಡಿಇ ಎಷ್ಟು? 2:3 ಕಂಡ ಕೂಡಲೇ 15ನ್ನು ಮೂರರಲ್ಲಿ ಎರಡು ಮಾಡಿ 10 ಎಂದು ಬರೆಯಬೇಡಿ. ಚಿಕ್ಕ ತ್ರಿಕೋನದ ಬದಿ ಎಡಿ, ದೊಡ್ಡ ತ್ರಿಕೋನದ ಬದಿ ಡಿಬಿ ಅಲ್ಲ, ಇಡೀ ಎಬಿ. ಎಬಿಯಲ್ಲಿ 2 + 3 = 5 ಪಾಲು. ಆದ್ದರಿಂದ ಗುಣಕ ಐದರಲ್ಲಿ ಎರಡು, ಡಿಇ 6 ಸೆಂ.ಮೀ. ತುಂಡನ್ನು ತುಂಡಿನ ಜೊತೆ ಅಲ್ಲ, ತುಂಡನ್ನು ಇಡಿಯ ಜೊತೆ ಹೋಲಿಸಬೇಕು. ಈ ಚಿತ್ರವನ್ನು ಎರಡು ತ್ರಿಕೋನಗಳಾಗಿ ಬೇರೆ ಬೇರೆ ಬರೆದುಕೊಂಡರೆ ಗೊಂದಲವೇ ಇರುವುದಿಲ್ಲ.

ಚಿತ್ರ ಹಿಗ್ಗಿಸುವ ಎರಡು ಉಪಾಯ

ಗ್ರಾಫ್ ಹಾಳೆಯಲ್ಲಾದರೆ ಒಂದು ಕೇಂದ್ರ ಇಟ್ಟುಕೊಂಡು ಹಿಗ್ಗಿಸಬಹುದು. ಕೇಂದ್ರ (0, 0) ಆಗಿದ್ದರೆ ಕೆಲಸ ಸುಲಭ, ಬಿಂದುವಿನ ಎರಡು ಸಂಖ್ಯೆಗಳನ್ನೂ ಗುಣಕದಿಂದ ಗುಣಿಸಿದರೆ ಸಾಕು. ಗುಣಕ 3 ಇದ್ದರೆ (3, 1) ಹೋಗಿ (9, 3) ಆಗುತ್ತದೆ. ಕೇಂದ್ರ ಬೇರೆ ಕಡೆ ಇದ್ದರೆ ಮೊದಲು ಕೇಂದ್ರದಿಂದ ಎಷ್ಟು ದೂರ ಎಂದು ನೋಡಬೇಕು. ಕೇಂದ್ರ (1, 1), ಬಿಂದು (3, 2). ಬಲಕ್ಕೆ 2, ಮೇಲಕ್ಕೆ 1 ದೂರ. ಮೂರು ಪಟ್ಟು ಮಾಡಿದರೆ ಬಲಕ್ಕೆ 6, ಮೇಲಕ್ಕೆ 3. ಅದನ್ನು ಕೇಂದ್ರಕ್ಕೆ ಸೇರಿಸಿ: (7, 4). ಕೇಂದ್ರ, ಹಳೆ ಬಿಂದು, ಹೊಸ ಬಿಂದು ಮೂರೂ ಒಂದೇ ಗೆರೆಯಲ್ಲಿ ಬಂದಿದೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಬಾರದಿದ್ದರೆ ಎಲ್ಲೋ ತಪ್ಪಿದೆ.

ಚಾರ್ಟಿಗೆ, ವೇದಿಕೆಯ ಪರದೆಗೆ ಚೌಕಳಿ ವಿಧಾನವೇ ಒಳ್ಳೆಯದು. ಉಪಜಿಲ್ಲಾ ಗಣಿತ ಮೇಳಕ್ಕೆ ಯಕ್ಷಗಾನದ ಕಿರೀಟವೇಷದ ಮುಖ ಬರೆಯಬೇಕು ಎಂದುಕೊಳ್ಳಿ. ಕೈಯಲ್ಲಿರುವ ಚಿತ್ರ 12×18 ಸೆಂ.ಮೀ., ಹಾಳೆ 60×90 ಸೆಂ.ಮೀ. ಗುಣಕ 5. ಚಿತ್ರದ ಮೇಲೆ ಪೆನ್ಸಿಲಿನಿಂದ 1 ಸೆಂ.ಮೀ. ಚೌಕಗಳನ್ನು ಎಳೆಯಿರಿ, ಹಾಳೆಯ ಮೇಲೆ 5 ಸೆಂ.ಮೀ. ಚೌಕಗಳನ್ನು. ಎರಡಕ್ಕೂ ಅಡ್ಡ, ನೇರ ಒಂದೇ ರೀತಿ ನಂಬರ್ ಹಾಕಿ. ನಂತರ ಒಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಆ ನಂಬರಿನ ದೊಡ್ಡ ಚೌಕಕ್ಕೆ ಸಾಗಿಸಿ. ಮುಖ ಎಂದು ನೋಡಬೇಡಿ, ಗೆರೆ ಎಂದು ನೋಡಿ. ಹುಬ್ಬಿನ ಗೆರೆ ಚೌಕದ ಎಡ ಬದಿಯನ್ನು ಎಲ್ಲಿ ದಾಟುತ್ತದೆ, ಬಲ ಬದಿಯನ್ನು ಎಲ್ಲಿ ದಾಟುತ್ತದೆ ಎಂದು ಎರಡು ಚುಕ್ಕಿ ಇಟ್ಟುಕೊಂಡರೆ ನಡುವಿನ ಬಾಗು ತಾನೇ ಬರುತ್ತದೆ. ಗೆರೆಯ ದಪ್ಪವೂ ಐದು ಪಟ್ಟಾಗಬೇಕು ಎಂಬುದನ್ನು ಮರೆಯಬೇಡಿ. ಚಿತ್ರದಲ್ಲಿ 1 ಮಿ.ಮೀ. ಇದ್ದ ಕಪ್ಪು ಗೆರೆ ಹಾಳೆಯಲ್ಲಿ 5 ಮಿ.ಮೀ. ಇಲ್ಲದಿದ್ದರೆ ದೂರದಿಂದ ವೇಷ ಸಪ್ಪೆ ಕಾಣುತ್ತದೆ. ಬಣ್ಣ ಎಷ್ಟು ಬೇಕು? ಐದು ಪಟ್ಟಲ್ಲ. ಒಂದು ಚೌಕ 1 ಚ.ಸೆಂ.ಮೀ. ಇದ್ದದ್ದು ಈಗ 25 ಚ.ಸೆಂ.ಮೀ. ಆಗಿದೆ. ಇಪ್ಪತ್ತೈದು ಪಟ್ಟು ಬಣ್ಣ ಬೇಕು.

ಮೂರನೇ ಹೆಜ್ಜೆ: ಉದ್ದ, ಹರವು, ಹಿಡಿಯುವ ಪ್ರಮಾಣ

ಇದೇ ಈ ಪಾಠದ ನಡುಮನೆ. ಗುಣಕ 2 ಇದ್ದರೆ ಉದ್ದ, ಸುತ್ತಳತೆ, ಕರ್ಣ ಎಲ್ಲವೂ 2 ಪಟ್ಟು. ವಿಸ್ತೀರ್ಣ 2 × 2 = 4 ಪಟ್ಟು. ಘನಫಲ 2 × 2 × 2 = 8 ಪಟ್ಟು. ಗುಣಕ 3 ಇದ್ದರೆ 3, 9, 27. ಗುಣಕ ಅರ್ಧ ಇದ್ದರೆ ಅರ್ಧ, ಕಾಲು, ಎಂಟರಲ್ಲಿ ಒಂದು. ಯಾಕೆ ಎಂದರೆ ಹರವು ಎರಡು ದಿಕ್ಕಿಗೆ ಹಿಗ್ಗುತ್ತದೆ, ಪಾತ್ರೆ ಮೂರು ದಿಕ್ಕಿಗೆ. ಆಕಾರ ಏನೇ ಇರಲಿ, ನಿಯಮ ಇದೇ. ಮೇಲೆ ಹೇಳಿದ ಎಬಿಸಿ ತ್ರಿಕೋನದ ವಿಸ್ತೀರ್ಣ 75 ಚ.ಸೆಂ.ಮೀ. ಇದ್ದರೆ ಒಳಗಿನ ಚಿಕ್ಕ ತ್ರಿಕೋನದ್ದು ಇಪ್ಪತ್ತೈದರಲ್ಲಿ ನಾಲ್ಕು ಪಾಲು, ಅಂದರೆ 12. ಕೆಳಗೆ ಉಳಿದ ಭಾಗ 63. ಎತ್ತರ ಹುಡುಕುವ ಗೋಜೇ ಇಲ್ಲ.

ಯಕ್ಷಗಾನ ಬೊಂಬೆಯಾಟ ನಮ್ಮ ಜಿಲ್ಲೆಯ ಹೆಮ್ಮೆ. ಆ ಬೊಂಬೆಯಿಂದಲೇ ಇದನ್ನು ಕಲಿಯಬಹುದು. ಕಿರೀಟ ಸೇರಿ 2 ಮೀ. ಎತ್ತರ ನಿಲ್ಲುವ ವೇಷವನ್ನು 50 ಸೆಂ.ಮೀ. ಬೊಂಬೆ ಮಾಡುತ್ತೇವೆ ಎಂದಿಟ್ಟುಕೊಳ್ಳೋಣ. ಗುಣಕ ನಾಲ್ಕರಲ್ಲಿ ಒಂದು. ವೇಷಕ್ಕೆ 5.5 ಮೀ. ಉದ್ದ, 1.2 ಮೀ. ಅಗಲದ ಸೀರೆ ಬೇಕಿದ್ದರೆ ಬಟ್ಟೆಯ ವಿಸ್ತೀರ್ಣ 6.6 ಚ.ಮೀ. ಬೊಂಬೆಗೆ ಅದರ ಹದಿನಾರರಲ್ಲಿ ಒಂದು ಪಾಲು ಸಾಕು, ಸುಮಾರು 0.41 ಚ.ಮೀ. ಕಿರೀಟ 1.6 ಕೆ.ಜಿ. ಇದ್ದರೆ, ಅದೇ ಮರದಿಂದ ದಪ್ಪವನ್ನೂ ಕಾಲು ಮಾಡಿ ಕೆತ್ತಿದ ಬೊಂಬೆಯ ಕಿರೀಟ ಅರುವತ್ತನಾಲ್ಕರಲ್ಲಿ ಒಂದು ಪಾಲು, ಅಂದರೆ 25 ಗ್ರಾಂ! ಕಾಲು ಎತ್ತರದ ಬೊಂಬೆ ಎಂದರೆ ಕಾಲು ಭಾರ ಎಂದು ಊಹಿಸಿದವರು 400 ಗ್ರಾಂ ಎನ್ನುತ್ತಿದ್ದರು. ಅದು ಬೊಂಬೆಯ ಕತ್ತಿನ ಮೇಲೆ ನಿಲ್ಲುತ್ತದೆಯೇ? ಇನ್ನೊಂದು ಸೂಕ್ಷ್ಮ ಇದೆ. ಅದೇ ಸೀರೆಯ ಬಟ್ಟೆಯನ್ನು ಕತ್ತರಿಸಿ ಬೊಂಬೆಗೆ ಉಡಿಸಿದರೆ ನೆರಿಗೆ ಸರಿ ಬೀಳುವುದಿಲ್ಲ, ಬಿರುಸಾಗಿ ನಿಲ್ಲುತ್ತದೆ. ಉದ್ದ ಅಗಲ ಕಾಲು ಆದರೂ ಬಟ್ಟೆಯ ದಪ್ಪ ಹಾಗೇ ಉಳಿಯಿತಲ್ಲ. ಬೊಂಬೆಗೆ ತೆಳು ಬಟ್ಟೆ ಬೇಕಾಗುವುದು ಅದಕ್ಕೇ.

ದಪ್ಪ ಬದಲಾಗುತ್ತದೆಯೇ ಇಲ್ಲವೇ ಎಂದು ಕೇಳುವುದು ಅಡುಗೆಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. 20 ಸೆಂ.ಮೀ. ವ್ಯಾಸದ ದೋಸೆಗೆ 60 ಮಿ.ಲೀ. ಹಿಟ್ಟು ಬೇಕು. 30 ಸೆಂ.ಮೀ. ದೋಸೆಗೆ? ಗುಣಕ 1.5. ದೋಸೆಯ ದಪ್ಪ ಅಷ್ಟೇ ಇರುವುದರಿಂದ ಇದು ಹರವಿನ ಲೆಕ್ಕ: 1.5 × 1.5 = 2.25 ಪಟ್ಟು, 135 ಮಿ.ಲೀ. ಆದರೆ 5 ಲೀಟರ್ ಹಿಡಿಯುವ ಪಾತ್ರೆಯನ್ನು ಎಲ್ಲ ದಿಕ್ಕಿಗೂ ಒಂದೂವರೆ ಪಟ್ಟು ಮಾಡಿದರೆ 1.5ನ್ನು ಮೂರು ಸಲ ಗುಣಿಸಬೇಕು. 3.375 ಪಟ್ಟು, ಸುಮಾರು 17 ಲೀಟರ್. ಎರಡು ಪಟ್ಟು ಮಾಡಿದರೆ 40 ಲೀಟರ್.

ಇದನ್ನು ಹಿಂದುಮುಂದಾಗಿಯೂ ಕೇಳುತ್ತಾರೆ. ಎರಡು ಪಟ್ಟು ಸಾರು ಹಿಡಿಯುವ, ಅದೇ ಆಕಾರದ ಪಾತ್ರೆ ಬೇಕು. ಬಾಯಿ ಎಷ್ಟು ಅಗಲ ಇರಬೇಕು? ಈಗ ಘನಮೂಲ ತೆಗೆಯಬೇಕು. 2ರ ಘನಮೂಲ ಸುಮಾರು 1.26. 30 ಸೆಂ.ಮೀ. ಬಾಯಿಯ ಪಾತ್ರೆ ಸುಮಾರು 38 ಸೆಂ.ಮೀ. ಆದರೆ ಸಾಕು. ಅಂಗಡಿಯಲ್ಲಿ ಪಕ್ಕ ಪಕ್ಕ ಇಟ್ಟರೆ ‘ಇದರಲ್ಲಿ ಎರಡರಷ್ಟು ಹಿಡಿಯುತ್ತದಾ?’ ಎಂದು ಅನುಮಾನ ಬರುವುದು ಸಹಜ. ನೀರು ಅಳೆದು ಹೊಯ್ದು ನೋಡಲಿ. ವಿಸ್ತೀರ್ಣ ಕೊಟ್ಟಿದ್ದರೆ ವರ್ಗಮೂಲ. 5 ಸೆಂಟ್ಸ್ ಜಾಗ, ಅದೇ ಆಕಾರದ 20 ಸೆಂಟ್ಸ್ ಜಾಗ. ವಿಸ್ತೀರ್ಣ 4 ಪಟ್ಟು, ಆದ್ದರಿಂದ ಗುಣಕ 2. ಬೇಲಿ ಹಾಕುವ ಖರ್ಚು ನಾಲ್ಕು ಪಟ್ಟಲ್ಲ, ಎರಡೇ ಪಟ್ಟು.

ಇದಕ್ಕೆಲ್ಲ ನಾನು ಹೇಳುವ ಕ್ರಮ ಒಂದೇ. ಲೆಕ್ಕದಲ್ಲಿ ಏನೇ ಕೊಟ್ಟಿರಲಿ, ಮೊದಲು ಉದ್ದದ ಗುಣಕಕ್ಕೆ ಬನ್ನಿ. ಅಲ್ಲಿಂದ ಬೇಕಾದ ಕಡೆಗೆ ಹೋಗಿ. ವಿಸ್ತೀರ್ಣದಿಂದ ಘನಫಲಕ್ಕೆ ನೇರ ಹಾರಬೇಡಿ.

ಝೆರಾಕ್ಸ್ ಅಂಗಡಿಯ 141

ಎ4 ಹಾಳೆಯನ್ನು ಎ3 ಮಾಡಲು ಝೆರಾಕ್ಸ್ ಮೆಷಿನ್ 141% ಎಂದು ತೋರಿಸುತ್ತದೆ, ಎ3ಯಿಂದ ಎ4ಕ್ಕೆ 71%. ಎ3 ಎಂದರೆ ಎರಡು ಎ4 ಹಾಳೆ ಸೇರಿದಷ್ಟು, ಹಾಗಿದ್ದ ಮೇಲೆ 200% ಯಾಕಿಲ್ಲ? ಮೆಷಿನ್ ತೋರಿಸುವುದು ಉದ್ದದ ಗುಣಕವನ್ನು. ಹರವು 2 ಪಟ್ಟಾಗಬೇಕಾದರೆ ಉದ್ದ 2ರ ವರ್ಗಮೂಲದಷ್ಟು, ಅಂದರೆ 1.414 ಪಟ್ಟು ಹಿಗ್ಗಬೇಕು. ಸ್ಕೇಲ್ ಹಿಡಿದು ನೋಡಿ. ಎ4 ಹಾಳೆ 210×297 ಮಿ.ಮೀ., ಎ3 297×420 ಮಿ.ಮೀ. 297 ÷ 210 = 1.414, 420 ÷ 297 = 1.414. ಹಾಳೆಯನ್ನು ಅಡ್ಡಕ್ಕೆ ಮಡಚಿದಾಗ ಅರ್ಧಕ್ಕೂ ಇಡಿಗೂ ಒಂದೇ ಆಕಾರ ಇರಬೇಕಾದರೆ ಉದ್ದ ಮತ್ತು ಅಗಲದ ಪ್ರಮಾಣ ಇದೊಂದೇ ಆಗಲು ಸಾಧ್ಯ. ದಿನಾ ಕೈಯಲ್ಲಿ ಹಿಡಿಯುವ ಹಾಳೆಯಲ್ಲೇ 2ರ ವರ್ಗಮೂಲ ಕೂತಿದೆ ಎಂದು ಮಕ್ಕಳಿಗೆ ಹೇಳದೆ ಇರಲು ನನಗೆ ಮನಸ್ಸು ಬರುವುದಿಲ್ಲ.

ಶೇಕಡಾ ಲೆಕ್ಕದಲ್ಲಿ ಹಿಂದಕ್ಕೆ ಬರುವಾಗ ಜಾಗ್ರತೆ ಬೇಕು. 8 ಸೆಂ.ಮೀ. ಚಿತ್ರವನ್ನು 150% ಮಾಡಿದರೆ 12 ಸೆಂ.ಮೀ. ಅದನ್ನು ಮತ್ತೆ 8ಕ್ಕೆ ತರಲು 50% ಒತ್ತಿದರೆ 6 ಸೆಂ.ಮೀ. ಆಗಿಬಿಡುತ್ತದೆ. 8 ÷ 12, ಅಂದರೆ ಸುಮಾರು 67% ಒತ್ತಬೇಕು. ಹೋಗುವ ಗುಣಕ ಎರಡರಲ್ಲಿ ಮೂರು ಇದ್ದರೆ ಬರುವ ಗುಣಕ ಮೂರರಲ್ಲಿ ಎರಡು.

ನಕ್ಷೆ ಮತ್ತು ಜಾಗದ ಸ್ಕೆಚ್

ನಕ್ಷೆಯಲ್ಲಿ 1:50,000 ಎಂದಿದ್ದರೆ ಕಾಗದದ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ. 1 ಕಿ.ಮೀ.ಗೆ 1,00,000 ಸೆಂ.ಮೀ. ಆದ್ದರಿಂದ ಅದು ಅರ್ಧ ಕಿ.ಮೀ. ಸರ್ವೇ ಆಫ್ ಇಂಡಿಯಾದ ನಕ್ಷೆಗಳಲ್ಲಿ ಈ ಪ್ರಮಾಣ ಸಿಗುತ್ತದೆ. ಕಾಗದದಲ್ಲಿ 9 ಸೆಂ.ಮೀ. ದೂರದ ಎರಡು ಊರುಗಳ ನಡುವೆ 4.5 ಕಿ.ಮೀ. ಆದರೆ ಅದು ಕಾಗೆ ಹಾರುವ ದಾರಿ. ನಮ್ಮ ಕಡೆ ರಸ್ತೆ ಗುಡ್ಡೆ ಸುತ್ತಿ, ತೋಡು ದಾಟಿ ಹೋಗುತ್ತದೆ. ರಸ್ತೆಯ ದೂರ ಬೇಕಾದರೆ ಒಂದು ನೂಲನ್ನು ರಸ್ತೆಯ ಗೆರೆಯ ಮೇಲೆ ಬಾಗಿಸಿ ಇಟ್ಟು, ಆಮೇಲೆ ನೆಟ್ಟಗೆ ಮಾಡಿ ಅಳೆಯಿರಿ.

ಇದೇ ನಕ್ಷೆಯಲ್ಲಿ ಬೇಕಲ ಕೋಟೆ ಎಷ್ಟು ದೊಡ್ಡದು ಕಾಣುತ್ತದೆ? ಕೋಟೆ ಸುಮಾರು 40 ಎಕರೆ, ಅಂದರೆ 1,62,000 ಚ.ಮೀ. ಹತ್ತಿರ. ಹರವಿನ ಗುಣಕ 50,000 × 50,000 = 250 ಕೋಟಿ. 1,62,000 ಚ.ಮೀ.ಯನ್ನು ಚ.ಸೆಂ.ಮೀ. ಮಾಡಿದರೆ 162 ಕೋಟಿ. 162 ÷ 250 = ಸುಮಾರು 0.65 ಚ.ಸೆಂ.ಮೀ. ಸುತ್ತು ಬರಲು ಕಾಲು ನೋಯುವಷ್ಟು ದೊಡ್ಡ ಕೋಟೆ ಕಾಗದದ ಮೇಲೆ ಕಿರುಬೆರಳಿನ ಉಗುರಿನಷ್ಟು!

ಹರವಿಗೂ ಉದ್ದದ ಗುಣಕವನ್ನೇ ಹಾಕುವ ತಪ್ಪು ಜಾಗದ ಸ್ಕೆಚ್ಚಿನಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತದೆ. ಪ್ರಮಾಣ 1:500, ಕಾಗದದಲ್ಲಿ ಜಾಗ 4×5 ಸೆಂ.ಮೀ. ಆಯತ. ಒಬ್ಬರು ಹೀಗೆ ಮಾಡುತ್ತಾರೆ: ಕಾಗದದ ಹರವು 20 ಚ.ಸೆಂ.ಮೀ., 500ರಿಂದ ಗುಣಿಸಿದರೆ 10,000 ಚ.ಸೆಂ.ಮೀ. ಅಂದರೆ 1 ಚ.ಮೀ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಂಚ ಹಾಕಲೂ ಆಗುವುದಿಲ್ಲ, ಮನೆ ಎಲ್ಲಿ ಕಟ್ಟುವುದು? ಸರಿಯಾದ ದಾರಿ ಎರಡಿವೆ. ಉದ್ದಗಳನ್ನೇ ಮೊದಲು ಹಿಗ್ಗಿಸಬಹುದು: 4 ಸೆಂ.ಮೀ. 20 ಮೀ. ಆಗುತ್ತದೆ, 5 ಸೆಂ.ಮೀ. 25 ಮೀ. ಆಗುತ್ತದೆ, ಹರವು 500 ಚ.ಮೀ. ಅಥವಾ 20 ಚ.ಸೆಂ.ಮೀ.ಯನ್ನು 500 × 500ರಿಂದ ಗುಣಿಸಬಹುದು. ಅದೇ ಉತ್ತರ. ಒಂದು ಸೆಂಟ್ ಎಂದರೆ 40.47 ಚ.ಮೀ. ಆದ್ದರಿಂದ ಜಾಗ ಸುಮಾರು 12.36 ಸೆಂಟ್ಸ್. ನಾನು ಮಕ್ಕಳಿಗೆ ಮೊದಲ ದಾರಿಯನ್ನೇ ಹೇಳುತ್ತೇನೆ. ಪ್ರತಿ ಹಂತದಲ್ಲೂ ಬಂದ ಸಂಖ್ಯೆ ನಂಬುವಂಥದ್ದೇ ಎಂದು ನೋಡಬಹುದು.

ಸ್ಕೆಚ್ಚಿನ ಝೆರಾಕ್ಸ್ ಪ್ರತಿ ಇಟ್ಟುಕೊಂಡು ಅಳೆಯುವವರು ಇದನ್ನು ಮರೆಯಬಾರದು. 141% ಹಿಗ್ಗಿಸಿದ ಪ್ರತಿಯ ಮೇಲೂ 1:500 ಎಂದೇ ಅಚ್ಚಾಗಿರುತ್ತದೆ, ಆದರೆ ಅದು ಈಗ ಸುಳ್ಳು. ನಕ್ಷೆಯ ಅಡಿಯಲ್ಲಿ ಅಳತೆಯ ಗೆರೆ ಇದ್ದರೆ ಅದನ್ನು ನಂಬಿ. ನಕ್ಷೆ ಹಿಗ್ಗಿದಷ್ಟೇ ಆ ಗೆರೆಯೂ ಹಿಗ್ಗಿರುತ್ತದೆ. ಫೋನಿನ ಮ್ಯಾಪಿನಲ್ಲೂ ಆ ಗೆರೆಯೇ ಆಧಾರ, ಬೆರಳಿನಿಂದ ಹಿಗ್ಗಿಸಿದ ಹಾಗೆಲ್ಲ ಪ್ರಮಾಣ ಬದಲಾಗುತ್ತದೆ.

ಅಂಗಳಕ್ಕೆ ಇಳಿದು: ಕಂಗಿನ (ಅಡಿಕೆ ಮರದ) ಎತ್ತರ

ಬೇಕಾದದ್ದು ಒಂದು ನೆಟ್ಟಗಿನ ಕೋಲು, ಒಂದು ಟೇಪು, ಬಿಸಿಲು. ಮರಕ್ಕೆ ಹತ್ತಬೇಕಾಗಿಲ್ಲ. ತೆಂಗಿನ ಮರ ಬೇಡ, ಅದು ವಾಲಿರುವುದೇ ಜಾಸ್ತಿ. ಕಂಗು ನೆಟ್ಟಗಿರುತ್ತದೆ. ಆದರೆ ತೋಟದ ನಡುವಿನ ಮರದ ನೆರಳು ಬೇರೆ ಮರಗಳ ನೆರಳಲ್ಲಿ ಕಲೆತುಹೋಗುತ್ತದೆ. ತೋಟದ ಅಂಚಿನ, ಗದ್ದೆಗೋ ಅಂಗಳಕ್ಕೋ ನೆರಳು ಬೀಳುವ ಮರ ಆರಿಸಿ. ನೆಲ ಸಮ ಇರಬೇಕು. ಇಳಿಜಾರಿನಲ್ಲಿ ನೆರಳು ಉದ್ದವಾಗಿಯೋ ಗಿಡ್ಡವಾಗಿಯೋ ಬಿದ್ದು ಲೆಕ್ಕ ಕೆಡುತ್ತದೆ.

ಕೋಲನ್ನು ಮರದ ಹತ್ತಿರವೇ ನೆಟ್ಟಗೆ ನಿಲ್ಲಿಸಿ. ನೂಲಿಗೆ ಕಲ್ಲು ಕಟ್ಟಿ ತೂಗುಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳಿ. ಕೋಲಿನ ನೆರಳು, ಮರದ ನೆರಳು ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು. ಇಬ್ಬರಿದ್ದರೆ ಒಳ್ಳೆಯದು, ಒಬ್ಬರೇ ಆದರೆ ಎರಡೂ ನೆರಳಿನ ತುದಿಗೆ ಬೇಗ ಬೇಗ ಒಂದೊಂದು ಕಲ್ಲಿಟ್ಟು ಆಮೇಲೆ ಸಾವಕಾಶವಾಗಿ ಅಳೆಯಿರಿ. ಮರದ ನೆರಳನ್ನು ಬುಡದಿಂದ ಸೋಗೆಯ ತುದಿಯವರೆಗೋ, ಕಾಂಡದ ತುದಿಯವರೆಗೋ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಯಾವುದನ್ನು ಅಳೆದಿರೋ ಅದರ ಎತ್ತರವೇ ಸಿಗುವುದು.

ಕೋಲು 1.5 ಮೀ., ಅದರ ನೆರಳು 1.2 ಮೀ., ಮರದ ನೆರಳು 9.6 ಮೀ. ಎಂದುಕೊಳ್ಳೋಣ. ಬಿಸಿಲು ಎರಡಕ್ಕೂ ಒಂದೇ ಓರೆಯಲ್ಲಿ ಬೀಳುವುದರಿಂದ ಕೋಲು ಮತ್ತು ಅದರ ನೆರಳಿನ ತ್ರಿಕೋನ, ಮರ ಮತ್ತು ಅದರ ನೆರಳಿನ ತ್ರಿಕೋನ ಸಮರೂಪ. ನೆರಳಿನಿಂದ ಗುಣಕ: 9.6 ÷ 1.2 = 8. ಮರದ ಎತ್ತರ 1.5 × 8 = 12 ಮೀ.

ಕೋಲಿನ ನೆರಳನ್ನು 1 ಸೆಂ.ಮೀ. ತಪ್ಪಾಗಿ 1.21 ಮೀ. ಎಂದು ಓದಿದರೆ ಉತ್ತರ 11.9 ಮೀ. ಬರುತ್ತದೆ. ಒಂದು ಸೆಂ.ಮೀ. ತಪ್ಪು ಹತ್ತು ಸೆಂ.ಮೀ. ಆಯಿತು. ಗುಣಕ ತಪ್ಪನ್ನೂ ಹಿಗ್ಗಿಸುತ್ತದೆ. ಅದಕ್ಕೇ ಚಿಕ್ಕ ಅಳತೆಯನ್ನೇ ಹೆಚ್ಚು ಜಾಗ್ರತೆಯಿಂದ ತೆಗೆದುಕೊಳ್ಳಬೇಕು, ಸಾಧ್ಯವಾದರೆ ಉದ್ದದ ಕೋಲನ್ನೇ ಬಳಸಬೇಕು. ಬೆಳಗ್ಗೆ ಅಥವಾ ಸಂಜೆಗೆ ಮೊದಲು ಅಳೆಯುವುದು ಒಳ್ಳೆಯದು. ನಡುಮಧ್ಯಾಹ್ನ ನೆರಳು ತೀರ ಗಿಡ್ಡ. ಏಪ್ರಿಲ್ ಕೊನೆಯ ಹೊತ್ತಿಗಂತೂ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಕೈ ಪಳಗಲು ಕೆಲವು ಲೆಕ್ಕಗಳು

ಉತ್ತರ ಮುಚ್ಚಿಟ್ಟು ಮೊದಲು ಮಾಡಿ ನೋಡಿ. ಪ್ರತಿ ಸಲ ಉದ್ದವೇ, ಹರವೇ, ಹಿಡಿಯುವ ಪ್ರಮಾಣವೇ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

1:25,000 ನಕ್ಷೆಯಲ್ಲಿ ಶಾಲೆಯಿಂದ ಹೊಳೆಗೆ 7 ಸೆಂ.ಮೀ. ನಿಜವಾದ ದೂರ ಎಷ್ಟು? ಇದು ಉದ್ದ. 7 × 25,000 = 1,75,000 ಸೆಂ.ಮೀ., ಅಂದರೆ 1.75 ಕಿ.ಮೀ.

ಎರಡು ಸಮರೂಪ ತ್ರಿಕೋನಗಳ ಸುತ್ತಳತೆ 24 ಮತ್ತು 36 ಸೆಂ.ಮೀ. ಚಿಕ್ಕದರ ವಿಸ್ತೀರ್ಣ 24 ಚ.ಸೆಂ.ಮೀ. ದೊಡ್ಡದರದ್ದು? ಸುತ್ತಳತೆಯೂ ಉದ್ದವೇ, ಹಾಗಾಗಿ ಗುಣಕ 1.5. ವಿಸ್ತೀರ್ಣ 2.25 ಪಟ್ಟು, 54 ಚ.ಸೆಂ.ಮೀ.

ತ್ರಿಕೋನವನ್ನು ಒಂದು ಬದಿಗೆ ಸಮಾಂತರವಾದ ಗೆರೆಯಿಂದ ಎರಡು ಸಮ ಹರವಿನ ಭಾಗ ಮಾಡಬೇಕು. ತುದಿಯಿಂದ ಎಷ್ಟು ಕೆಳಗೆ ಗೆರೆ ಎಳೆಯಬೇಕು? ನಡುವಿನಲ್ಲಿ ಎಳೆದರೆ ಮೇಲಿನ ತ್ರಿಕೋನ ಕಾಲು ಪಾಲು ಮಾತ್ರ. ಅರ್ಧ ಹರವಿಗೆ ಗುಣಕ ಅರ್ಧದ ವರ್ಗಮೂಲ, ಸುಮಾರು 0.707. ತುದಿಯಿಂದ ಇಳಿಯುವ ಬದಿ 10 ಸೆಂ.ಮೀ. ಇದ್ದರೆ, ಆ ಬದಿಯ ಮೇಲೆ ತುದಿಯಿಂದ 7.07 ಸೆಂ.ಮೀ. ಕೆಳಗೆ.

ಒಂದೇ ಆಕಾರದ ಎರಡು ನೀರಿನ ಟಾಂಕಿಗಳು, ಎತ್ತರ 1 ಮೀ. ಮತ್ತು 1.5 ಮೀ. ಚಿಕ್ಕದಕ್ಕೆ ಹೊರಗೆ ಬಣ್ಣ ಬಳಿಯಲು 2 ಲೀಟರ್ ಬೇಕು, ಅದು 800 ಲೀಟರ್ ನೀರು ಹಿಡಿಯುತ್ತದೆ. ದೊಡ್ಡದಕ್ಕೆ ಬಣ್ಣ 2.25 ಪಟ್ಟು, 4.5 ಲೀಟರ್. ನೀರು 3.375 ಪಟ್ಟು, 2,700 ಲೀಟರ್. ಎರಡನ್ನೂ ಲೀಟರಿನಲ್ಲೇ ಕೊಟ್ಟಿರುವುದರಿಂದ ಎರಡಕ್ಕೂ ಒಂದೇ ಗುಣಕ ಹಾಕುವವರಿದ್ದಾರೆ. ಬಣ್ಣ ಡಬ್ಬಿಯಲ್ಲಿರುವಾಗ ಲೀಟರ್, ಗೋಡೆಗೆ ಹತ್ತಿದ ಮೇಲೆ ಹರವು.